ಊಹೆಗೂ ಲೆಕ್ಕ ಬೇಕು

ಭಾಗ 1/8

ಮೊನ್ನೆ ಭಾನುವಾರ ಒಂದು ಫೋಟೊ ಹಾಕಿದ್ದೆ, ನೆನಪಿದೆಯಾ? ಒಂದು ಡೌನ್‌ಹಿಲ್ ಪ್ರೊಟೊಟೈಪ್ ಬೈಕು. ಕಂಪನಿಯ ಹೆಸರನ್ನು ನಾನೇ ಅಳಿಸಿದ್ದೆ. ಪೆಡಲ್ ಹತ್ತಿರ ಒಂದು ದಪ್ಪ ಪೆಟ್ಟಿಗೆ. ಹಿಂದಿನ ಚಕ್ರದ ಹತ್ತಿರ ಸಾಮಾನ್ಯವಾಗಿ ನೇತಾಡುವ ಗೇರಿನ ಸಾಮಾನು ಇಲ್ಲವೇ ಇಲ್ಲ. "ಪೆಟ್ಟಿಗೆಯಲ್ಲಿ ಏನಿದೆ? ಅದರಿಂದ ಹಿಂದಿನ ಸಸ್ಪೆನ್ಶನ್‌ಗೆ ಏನು ಲಾಭ?" ಅಂತ ಕೇಳಿದ್ದೆ.

61 ಜನ ಉತ್ತರ ಕಳಿಸಿದ್ರಿ. ಥ್ಯಾಂಕ್ಸ್. ಈಗ ಜಗಳ ಶುರು ಮಾಡ್ತೀನಿ.

"ಇದು ಎಲೆಕ್ಟ್ರಿಕ್ ಗುರು, ಒಳಗೆ ಮೋಟರ್ ಇದೆ."
"ಹಾರ್ಸ್ಟ್ ಲಿಂಕ್, ಕಣ್ಣು ಮುಚ್ಚಿಕೊಂಡು ಹೇಳ್ತೀನಿ."
"ಯಾವುದೋ ಕಾಪಿ."
"ಫ್ಲಾಪ್ ಆಗುತ್ತೆ, ಬರೆದಿಟ್ಕೊ."

ಕಣ್ಣು ಮುಚ್ಚಿಕೊಂಡು ಹೇಳ್ತೀನಿ ಅಂದವನು ಪ್ರಾಮಾಣಿಕ. ಉಳಿದವರೂ ಹಾಗೇ ಹೇಳಿದ್ದೀರಿ, ಒಪ್ಪಿಕೊಂಡಿಲ್ಲ ಅಷ್ಟೆ. 61 ಉತ್ತರಗಳಲ್ಲಿ "ಯಾಕಂದ್ರೆ" ಅನ್ನೋ ಪದ ಇದ್ದದ್ದು ಎರಡರಲ್ಲಿ ಮಾತ್ರ.

ಊಹೆ ಮಾಡೋದು ತಪ್ಪು ಅಂತ ನಾನು ಹೇಳ್ತಿಲ್ಲ. ನಾನು ದಿನಾ ರಾತ್ರಿ ಮಾಡೋದು ಅದನ್ನೇ. ನನ್ನ ಜಗಳ ಕಾರಣ ಇಲ್ಲದ ಊಹೆಯ ಜೊತೆ, ಅದನ್ನು ತೀರ್ಪಿನ ಥರ ಹಂಚುವ ಚಾಳಿಯ ಜೊತೆ. ಆ ಬೈಕು ಯಾವುದು ಅಂತ ಭಾಗ 7ರಲ್ಲಿ ಹೇಳ್ತೀನಿ. ನಡುವಿನದನ್ನು ಓದದೆ ಅಲ್ಲಿಗೆ ಹಾರಬೇಡಿ, ಮಾರಾಯ್ರೆ.

ಭಾಗ 2/8

"ಸೈಕಲ್ ವಿಷಯಕ್ಕೆ ಇಷ್ಟೊಂದು ಕೋಪ ಯಾಕೆ?" ಅನ್ನುವವರಿಗೆ ಒಂದು ಕತೆ. ಇದರಲ್ಲಿ ತಪ್ಪು ನನ್ನದೂ ಇದೆ.

ಹೋದ ವರ್ಷ ಒಂದು ರೀಲ್ ಓಡ್ತಿತ್ತು. ಎಡಕ್ಕೆ ರೇಸಿನ ಪ್ರೊಟೊಟೈಪ್, ಬಲಕ್ಕೆ 15 ಸಾವಿರದ ಸೈಕಲ್. ಎರಡರ ಹಿಂದೆಯೂ ಸ್ಪ್ರಿಂಗ್. ಅದರ ಸುತ್ತ ಕೆಂಪು ಗೆರೆ ಎಳೆದು "ಸೇಮ್ ಸಸ್ಪೆನ್ಶನ್!" ಅಂತ ಬರೆದಿದ್ದರು. ನಾನು ಎರಡು ಸೆಕೆಂಡೂ ಯೋಚಿಸದೆ ಸ್ಟೋರಿಗೆ ಹಾಕಿದೆ.

ನಮ್ಮ ಕ್ಲಾಸಿನವನೊಬ್ಬ ಅದನ್ನು ನೋಡಿ ಆ ಸೈಕಲ್ ತಗೊಂಡ. ಮದುವೆ ಸೀಸನ್ ಪೂರ್ತಿ ಕ್ಯಾಟರಿಂಗ್‌ಗೆ ಹೋಗಿ, ಬಾಳೆಲೆ ಹಾಕಿ, ಸಾರು ಬಡಿಸಿ, ರಾತ್ರಿ ಪಾತ್ರೆ ಎತ್ತಿಟ್ಟು ಕೂಡಿಸಿದ ದುಡ್ಡು ಅದು.

ನಾಲ್ಕು ತಿಂಗಳಿಗೆ ಹಿಂದಿನ ಚಕ್ರ ಕೈಯಲ್ಲಿ ಹಿಡಿದು ಅಲ್ಲಾಡಿಸಿದರೆ ಎಡಕ್ಕೂ ಬಲಕ್ಕೂ ಆಡ್ತಿತ್ತು. ನಮ್ಮ ಮಲೆನಾಡಿನ ಏರು ಗೊತ್ತಲ್ಲ, ಅಲ್ಲಿ ತುಳಿದರೆ ಸೈಕಲ್ ಮುಂದೆ ಹೋಗುವ ಬದಲು ಸೀಟು ಉಯ್ಯಾಲೆ ಆಡುತ್ತಿತ್ತು. ಸೈಕಲ್ ಶಾಪಿನ ಅಣ್ಣ ಬಿಚ್ಚಿ ತೋರಿಸಿದರು. ಕೀಲಿನೊಳಗೆ ಬೇರಿಂಗ್ ಇಲ್ಲ, ಪ್ಲಾಸ್ಟಿಕ್ ಬುಷ್. ಅದರ ತೂತು ಸವೆದು ಮೊಟ್ಟೆ ಆಕಾರಕ್ಕೆ ಬಂದಿತ್ತು. ಶಾಕ್ ಒಳಗೆ ಎಣ್ಣೆ ಇಲ್ಲ, ಬರೀ ಸ್ಪ್ರಿಂಗ್.

ಇಲ್ಲಿ ಗಮನಿಸಿ: ಆ ರೀಲ್ ಪೂರ್ತಿ ಸುಳ್ಳಲ್ಲ. ಒಂದೇ ಕೀಲಿನ ವಿನ್ಯಾಸ, ಅಂದರೆ ಸಿಂಗಲ್ ಪಿವಟ್, ದೊಡ್ಡ ರೇಸ್‌ಗಳನ್ನು ಗೆದ್ದಿದೆ. ಇಂಗ್ಲೆಂಡಿನ ಆರೆಂಜ್ ಕಂಪನಿ ಆ ವಿನ್ಯಾಸಕ್ಕೇ ಹೆಸರುವಾಸಿ. ಸ್ಟೀವ್ ಪೀಟ್ ಅಂಥ ಬೈಕಿನ ಮೇಲೆ ವರ್ಲ್ಡ್ ಕಪ್ ಗೆದ್ದಿದ್ದಾರೆ. ಚಿತ್ರ ಬರೆದರೆ ಎರಡೂ ಒಂದೇ ಥರ ಕಾಣುತ್ತವೆ. ಆದರೆ ರೇಸಿನ ಬೈಕಿನ ಕೀಲಿನಲ್ಲಿ ಬೇರಿಂಗ್ ಇರುತ್ತೆ, ಶಾಕಿನಲ್ಲಿ ಎಣ್ಣೆ ಇರುತ್ತೆ. ಸ್ಪ್ರಿಂಗ್ ಅನ್ನೋದು ಹೊಡೆತವನ್ನು ಸಾಲ ತಗೊಳ್ಳುತ್ತೆ ಅಷ್ಟೆ, ಮರುಕ್ಷಣ ಹೆಚ್ಚುಕಮ್ಮಿ ಪೂರ್ತಿ ವಾಪಸ್ ಕೊಡುತ್ತೆ. ಎಣ್ಣೆ ಸಣ್ಣ ತೂತುಗಳಲ್ಲಿ ನುಗ್ಗುವಾಗ ಆ ಶಕ್ತಿಯನ್ನು ಶಾಖ ಮಾಡಿ ತೀರಿಸಿಬಿಡುತ್ತೆ. ಫೋಟೊದಲ್ಲಿ ಎಣ್ಣೆ ಕಾಣಲ್ಲ.

ಅವನು ನನ್ನನ್ನು ಬೈಯಲಿಲ್ಲ. "ನೀನೇ ಹಾಕಿದ್ದೆಯಲ್ಲ, ಅದಕ್ಕೆ ತಗೊಂಡೆ" ಅಂದ. ಬೈದಿದ್ದರೆ ಚೆನ್ನಾಗಿತ್ತು.

ಭಾಗ 3/8

"ಬಿಕಾಂ ಓದೋರಿಗೆ ಸಸ್ಪೆನ್ಶನ್ ಯಾಕೆ?" ಅಂತ ನಮ್ಮ ಲೆಕ್ಚರರ್ ಒಬ್ಬರು ಕೇಳಿದ್ರು. ನಮಗೆ ಸಿಲಬಸ್‌ನಲ್ಲೇ ಇದೆಯಲ್ಲ ಸರ್, ಸಸ್ಪೆನ್ಸ್ ಅಕೌಂಟ್ ಅಂದೆ. ಕ್ಲಾಸು ನಕ್ಕಿತು. ನಾನು ತಮಾಷೆಗೆ ಹೇಳಿದ್ದಲ್ಲ.

ಬೇರೆ ಕೋರ್ಸಿನವರಿಗೆ ವಿವರಣೆ: ಟ್ರಯಲ್ ಬ್ಯಾಲೆನ್ಸ್ ಹಾಕಿದಾಗ ಎರಡು ಕಡೆ ಮೊತ್ತ ಒಂದೇ ಬರಬೇಕು. 540 ರೂಪಾಯಿ ವ್ಯತ್ಯಾಸ ಬಂತು ಅಂದ್ಕೊಳ್ಳಿ. ತಪ್ಪು ಎಲ್ಲಿದೆ ಗೊತ್ತಿಲ್ಲ, ಕೆಲಸ ನಿಲ್ಲಿಸುವ ಹಾಗೂ ಇಲ್ಲ. ಆಗ ಆ 540ನ್ನು ಸಸ್ಪೆನ್ಸ್ ಅಕೌಂಟಿಗೆ ಹಾಕ್ತೀವಿ. ತಪ್ಪು ಸಿಕ್ಕ ಹಾಗೆ ತಿದ್ದುಪಡಿ ಎಂಟ್ರಿ ಬರೆದು ಆ ಖಾತೆಯನ್ನು ಮುಚ್ತೀವಿ. ಅದು ತಾತ್ಕಾಲಿಕ ಅಂತ ಎಲ್ಲರಿಗೂ ಗೊತ್ತಿರುತ್ತೆ. ಆ 540 ನಮ್ಮ ಲಾಭ ಅಂತ ಯಾರೂ ಊರಿಗೆ ಸ್ವೀಟ್ ಹಂಚಲ್ಲ.

ಪ್ರೊಟೊಟೈಪ್ ಫೋಟೊ ನೋಡಿ ಮಾಡುವ ಊಹೆಯೂ ಹಾಗೇ ಇರಬೇಕು. ನನ್ನ ಪ್ರಕಾರ ಷರತ್ತು ಮೂರು.

ಒಂದು, ಯಾಕೆ ಹಾಗೆ ಅನ್ನಿಸಿತು ಅಂತ ಬರೀಬೇಕು.
ಎರಡು, ಏನು ಕಂಡರೆ ನಾನು ತಪ್ಪು ಅಂತ ಒಪ್ತೀನಿ ಅನ್ನೋದನ್ನು ಮೊದಲೇ ಹೇಳಬೇಕು.
ಮೂರು, ಬೈಕು ಮಾರುಕಟ್ಟೆಗೆ ಬಂದ ದಿನ ಹಳೇ ಪೋಸ್ಟಿಗೆ ವಾಪಸ್ ಹೋಗಿ ಖಾತೆ ಮುಚ್ಚಬೇಕು. ತಪ್ಪಿದ್ದರೆ ಡಿಲೀಟ್ ಮಾಡಬಾರದು, ತಿದ್ದಬೇಕು. ಪುಸ್ತಕದಲ್ಲಿ ಹಾಳೆ ಹರಿಯೋದಕ್ಕೂ ತಿದ್ದುಪಡಿ ಎಂಟ್ರಿಗೂ ಎಷ್ಟು ವ್ಯತ್ಯಾಸ ಅಂತ ನಮಗೆ ಯಾರೂ ಹೇಳಿಕೊಡಬೇಕಿಲ್ಲ.

ಈ ಮೂರೂ ಇಲ್ಲದ್ದು ಊಹೆ ಅಲ್ಲ, ಗಾಳಿಸುದ್ದಿ.

ಭಾಗ 4/8

ಸರಿ, ಕಾರಣ ಎಲ್ಲಿಂದ ತರೋದು? ಕಣ್ಣಿಂದಲೇ. ದುಡ್ಡು ಬೇಡ.

ಫೋಟೊ ನೋಡಿದ ಕೂಡಲೇ ಕೇಳಬೇಕಾದ ಪ್ರಶ್ನೆ ಇದು: ಹಿಂದಿನ ಚಕ್ರದ ಆಕ್ಸಲ್ ಯಾವ ತುಂಡಿಗೆ ಸೇರಿದೆ, ಆ ತುಂಡು ಮುಖ್ಯ ಫ್ರೇಮಿಗೆ ಹೇಗೆ ಸೇರಿದೆ?

ಆ ತುಂಡು ಒಂದೇ ಕೀಲಿನಿಂದ ನೇರ ಫ್ರೇಮಿಗೆ ಸೇರಿದ್ದರೆ, ಆಕ್ಸಲ್ ಓಡಾಡೋದು ಆ ಕೀಲಿನ ಸುತ್ತ ವೃತ್ತದ ಒಂದು ತುಣುಕಿನಲ್ಲಿ. ಕೈವಾರದ ಮುಳ್ಳು ಕೀಲಿನಲ್ಲಿ, ಪೆನ್ಸಿಲ್ ಆಕ್ಸಲ್‌ನಲ್ಲಿ. ಮೇಲೆ ಇನ್ನೂ ಎರಡು ಮೂರು ಲಿಂಕ್ ಇದ್ದರೂ ಅವು ಶಾಕನ್ನು ಹೇಗೆ ಒತ್ತಬೇಕು ಅನ್ನೋದನ್ನು ಬದಲಿಸುತ್ತವೆ, ಚಕ್ರದ ದಾರಿಯನ್ನಲ್ಲ. "ತುಂಬಾ ಲಿಂಕ್ ಇದೆ, ಹಾಗಾಗಿ ಫೋರ್ ಬಾರ್" ಅನ್ನೋದು ನಮ್ಮವರ ನಂಬರ್ ಒನ್ ತಪ್ಪು.

ಕೆಳಗಿನ ಕೊಳವೆಯಲ್ಲಿ, ಆಕ್ಸಲ್‌ಗಿಂತ ಸ್ವಲ್ಪ ಮುಂದೆ, ಇನ್ನೊಂದು ಕೀಲು ಇದ್ದರೆ ಅದು ಹಾರ್ಸ್ಟ್ ಲಿಂಕ್. ಈಗ ಆಕ್ಸಲ್ ನೇರ ಫ್ರೇಮಿಗೆ ಸೇರಿಲ್ಲ, ನಡುವೆ ತೇಲುವ ತುಂಡಿನ ಮೇಲಿದೆ. ಚಕ್ರದ ದಾರಿಯೂ ಬ್ರೇಕ್ ಹಿಡಿದಾಗಿನ ನಡವಳಿಕೆಯೂ ಬದಲಾಗುತ್ತೆ. ಹಿಂದಿನ ಪೂರ್ತಿ ತ್ರಿಕೋನವನ್ನು ಎರಡು ಗಿಡ್ಡ ಲಿಂಕ್‌ಗಳು ಹಿಡಿದಿದ್ದರೆ ಅದು ವಿಪಿಪಿ, ಡಿಡಬ್ಲ್ಯೂ ಲಿಂಕ್ ಥರದ ಕುಟುಂಬ.

ಈಗ ನಮ್ಮ ಸಬ್ಜೆಕ್ಟಿಗೆ ಬನ್ನಿ. ಆ ಪುಟ್ಟ ಕೀಲು ಆಕ್ಸಲ್‌ನ ಮುಂದಿದೆಯಾ, ಮೇಲಿದೆಯಾ ಅನ್ನೋದನ್ನು ತುಂಬಾ ವರ್ಷ ಬರೀ ಭೌತಶಾಸ್ತ್ರ ನಿರ್ಧರಿಸಲಿಲ್ಲ. ಹಾರ್ಸ್ಟ್ ಲೈಟ್ನರ್ ಅವರ ಪೇಟೆಂಟನ್ನು ಸ್ಪೆಷಲೈಜ್ಡ್ ಕಂಪನಿ 1998ರಲ್ಲಿ ಕೊಂಡುಕೊಂಡಿತು. ಅಮೆರಿಕದಲ್ಲಿ ಮಾರಬೇಕಾದ ಬೇರೆ ಕಂಪನಿಗಳು ಒಂದೋ ಲೈಸೆನ್ಸಿಗೆ ದುಡ್ಡು ಕಟ್ಟಬೇಕು, ಇಲ್ಲಾ ಕೀಲನ್ನು ಕೆಲವು ಸೆಂಟಿಮೀಟರ್ ಆಚೆ ಇಡಬೇಕು. ಪೇಟೆಂಟ್ 2013ರಲ್ಲಿ ಮುಗಿಯಿತು, ಆಮೇಲೆ ಹಲವು ಕಂಪನಿಗಳ ಬೈಕುಗಳಲ್ಲಿ ಕೀಲು ಆ ಜಾಗಕ್ಕೆ ಬಂತು. ಇದು ಗೊತ್ತಿಲ್ಲದವರು ಹಳೇ ಬೈಕಿನ ಕೀಲು ಮೇಲಿರೋದನ್ನು ನೋಡಿ "ಅವರಿಗೆ ಇಂಜಿನಿಯರಿಂಗ್ ಬರಲ್ಲ" ಅಂದುಬಿಡ್ತಾರೆ. ಇಂಜಿನಿಯರಿಂಗ್ ಬರುತ್ತಿತ್ತು, ಲಾಯರ್ ನೋಟಿಸಿನ ಭಯವೂ ಇತ್ತು.

ಸೈಕಲ್ ವಿಷಯ ಕಾಮರ್ಸ್‌ನವರಿಗೆ ಸಂಬಂಧ ಇಲ್ಲ ಅನ್ನೋರಿಗೆ ಇಷ್ಟು ಸಾಕು.

ಭಾಗ 5/8

ಎರಡನೇ ಪ್ರಶ್ನೆ: ಚೈನ್ ಯಾವ ದಾರಿಯಲ್ಲಿ ಹೋಗಿದೆ?

ಕೆಲವು ತಂಡಗಳು ಪ್ರೊಟೊಟೈಪ್‌ನ ಲಿಂಕ್ ಜಾಗಕ್ಕೆ ಬಟ್ಟೆ ಕಟ್ಟಿ ಮುಚ್ಚುತ್ತವೆ. ಆದರೆ ಮೇಲೆ ಒಂದು ಸಣ್ಣ ಹಲ್ಲಿನ ಚಕ್ರ ಕಂಡು, ಚೈನ್ ಅದನ್ನು ದಾಟಿ ಹಿಂದೆ ಹೋಗಿದ್ದರೆ ಅರ್ಧ ಗುಟ್ಟು ಹೊರಗೆ ಬಿತ್ತು. ಅದರ ಹೆಸರು ಐಡ್ಲರ್. ಮುಖ್ಯ ಕೀಲು ಬಹಳ ಮೇಲಿದ್ದಾಗ ಅದು ಬೇಕಾಗುತ್ತೆ. ಕೀಲು ಮೇಲಿದ್ದರೆ ಕಲ್ಲಿಗೆ ಬಡಿದ ಚಕ್ರ ಬರೀ ಮೇಲಕ್ಕಲ್ಲ, ಹಿಂದಕ್ಕೂ ಸರಿಯುತ್ತೆ, ಹಾಗಾಗಿ ಬೈಕು ಮುಗ್ಗರಿಸೋದು ಕಡಿಮೆ. ಆದರೆ ಚಕ್ರ ಹಿಂದೆ ಸರಿದಾಗ ಚೈನ್ ಎಳೆಯಲ್ಪಟ್ಟು ಪೆಡಲನ್ನು ಹಿಂದಕ್ಕೆ ಜಗ್ಗುತ್ತೆ. ಚೈನನ್ನು ಕೀಲಿನ ಹತ್ತಿರದಿಂದ ಹಾಯಿಸಿದರೆ ಆ ಜಗ್ಗಾಟ ತಪ್ಪುತ್ತೆ. ಪುಕ್ಕಟೆಯಲ್ಲ: ಘರ್ಷಣೆ, ತೂಕ, ಸದ್ದು ಮೂರೂ ಸ್ವಲ್ಪ ಜಾಸ್ತಿ.

ಚೈನ್ ಅಷ್ಟೊಂದು ಮುಖ್ಯವಾ? 2015ರಲ್ಲಿ ಆಸ್ಟ್ರಿಯಾದ ಲಿಯೋಗಾಂಗ್‌ನಲ್ಲಿ ಆರನ್ ಗ್ವಿನ್ ಅವರ ಚೈನ್ ಹೊರಡುವಾಗಲೇ ತುಂಡಾಯಿತು. ಪೆಡಲ್ ತುಳಿಯುವ ಹಾಗೇ ಇಲ್ಲ. ಆದರೂ ಆ ವರ್ಲ್ಡ್ ಕಪ್ ರೇಸ್ ಗೆದ್ದರು. ಅವತ್ತಿಂದ "ಚೈನ್ ಇಲ್ಲದಿದ್ದರೇ ಸಸ್ಪೆನ್ಶನ್ ಚೆನ್ನಾಗಿ ಕೆಲಸ ಮಾಡುತ್ತೆ" ಅನ್ನೋ ಮಾತು ಓಡ್ತಿದೆ. ಯೋಚಿಸಬೇಕಾದ ಮಾತೇ. ಆದರೆ ಒಬ್ಬ ರೈಡರ್, ಒಂದು ರನ್, ಒಂದು ಇಳಿಜಾರು. ಒಂದು ವೋಚರ್ ಇಟ್ಟುಕೊಂಡು ಬ್ಯಾಲೆನ್ಸ್ ಶೀಟ್ ಬರೆಯೋಕಾಗಲ್ಲ.

ಇನ್ನೊಂದು ತಮಾಷೆ. ಟ್ರೆಕ್ ಕಂಪನಿಯ ಡೌನ್‌ಹಿಲ್ ಬೈಕಿನ ಹೆಸರು ಸೆಷನ್. ಯಾವುದೇ ಹೊಸ ಬೈಕು ಬರಲಿ, "ಸೆಷನ್ ಥರ ಇದೆ" ಅನ್ನೋದು ಸೈಕಲ್ ಲೋಕದ ಹಳೇ ಜೋಕು. ಕೀಲು ಎಲ್ಲಿದೆ ಅಂತ ನೋಡದೆ ಹೊರಗಿನ ಆಕಾರ ನೋಡಿ ಮಾತಾಡೋರ ಮೇಲೆ ಮಾಡಿದ ಜೋಕು ಅದು. 2021ರಲ್ಲಿ ಹೊಸ ಸೆಷನ್ ಬಂತು. ಕೀಲು ಮೇಲೆ ಹೋಗಿತ್ತು, ಐಡ್ಲರ್ ಬಂದಿತ್ತು. ಸೆಷನ್ನೇ ಸೆಷನ್ ಥರ ಇರಲಿಲ್ಲ! ಆದರೆ ಆಕ್ಸಲ್ ಸುತ್ತಲೇ ತಿರುಗುವ ಅವರ ಹಳೇ ಕೀಲು ಹಾಗೇ ಉಳಿದಿತ್ತು. ಬದಲಾದದ್ದು ಏನು, ಉಳಿದದ್ದು ಏನು ಅಂತ ಎರಡನ್ನೂ ನೋಡಿದವರು ಓದಿದರು. ಉಳಿದವರು ಜೋಕು ಹೊಡೆದರು.

ಭಾಗ 6/8

ಈಗ ಅಳತೆ. ಸ್ಕೇಲ್, ಪೆನ್ಸಿಲ್, ಪ್ರಿಂಟ್ ಹಾಕಿಸೋಕೆ ಜೆರಾಕ್ಸ್ ಅಂಗಡಿಗೆ ಹತ್ತು ರೂಪಾಯಿ.

ಮೊದಲು ಚಕ್ರ ನೋಡಿ. ದುಂಡಗೆ ಕಾಣಬೇಕು. ಮೊಟ್ಟೆ ಥರ ಕಂಡರೆ ಫೋಟೊ ಓರೆಯಾಗಿ ತೆಗೆದದ್ದು, ಅಳತೆಗೆ ಆಗಲ್ಲ, ಬಿಡಿ. ದುಂಡಗಿದ್ದರೆ ಚಕ್ರವೇ ನಿಮ್ಮ ಅಳತೆಗೋಲು. 29 ಇಂಚಿನ ಚಕ್ರದಲ್ಲಿ ಟೈರ್ ಕೂರುವ ರಿಮ್ಮಿನ ಅಂಚಿನ ವ್ಯಾಸ 622 ಮಿಲಿಮೀಟರ್. ಪ್ರಿಂಟಿನಲ್ಲಿ ಅದು 62 ಮಿಲಿಮೀಟರ್ ಬಂದರೆ ಹತ್ತಕ್ಕೆ ಒಂದರ ನಕ್ಷೆ ಸಿಕ್ಕಿತು. ಮುಂದಿನ ಚಕ್ರವನ್ನೇ ಅಳೆಯಿರಿ, ಯಾಕಂದ್ರೆ ಈಗ ತುಂಬಾ ರೇಸ್ ಬೈಕುಗಳಲ್ಲಿ ಹಿಂದಿನದು 27.5 ಇಂಚು ಇರುತ್ತೆ.

ಕೀಲುಗಳಿಗೆ ಚುಕ್ಕೆ ಇಡಿ. ಕೈವಾರದಲ್ಲಿ ಆಕ್ಸಲ್ ದಾರಿ ಎಳೆಯಿರಿ. ಆಮೇಲೆ ಒಂದು ಭಾಗಾಕಾರ: ಡೌನ್‌ಹಿಲ್ ಬೈಕಿನ ಹಿಂದಿನ ಚಕ್ರ ಸುಮಾರು 200 ಮಿಲಿಮೀಟರ್ ಮೇಲಕ್ಕೆ ಹೋಗುತ್ತೆ. ಶಾಕ್ 75 ಮಿಲಿಮೀಟರ್ ಒತ್ತಿಕೊಳ್ಳುವಂಥದ್ದಾದರೆ 200 ಭಾಗಿಸು 75, ಅಂದರೆ ಸುಮಾರು 2.67. ಶಾಕ್ 1 ಮಿಲಿಮೀಟರ್ ಒತ್ತಿಕೊಂಡಾಗ ಚಕ್ರ ಸರಾಸರಿ 2.67 ಮಿಲಿಮೀಟರ್ ಚಲಿಸುತ್ತೆ. ಇದನ್ನು ಲಿವರೇಜ್ ರೇಶಿಯೊ ಅಂತಾರೆ. ಕ್ಲಾಸಿನಲ್ಲಿ ಕರೆಂಟ್ ರೇಶಿಯೊ ಹಾಕಿದ್ದೀವಲ್ಲ, ಅದಕ್ಕಿಂತ ಕಷ್ಟ ಏನಿಲ್ಲ.

ಈಗ ಫೋಟೊದಿಂದ ಗೊತ್ತಾಗದೇ ಇರೋದರ ಪಟ್ಟಿ, ಇದನ್ನೂ ಊಹೆಯ ಪಕ್ಕದಲ್ಲೇ ಬರೀಬೇಕು: ಶಾಕಿನ ಒಳಗಿನ ಎಣ್ಣೆಯ ಟ್ಯೂನಿಂಗ್. ಫ್ರೇಮು ಎಷ್ಟು ಬಾಗುತ್ತೆ. ಬೇರಿಂಗಿನ ಗುಣಮಟ್ಟ. ರೈಡರ್ ಕೂತಾಗ ಎಷ್ಟು ತಗ್ಗುತ್ತೆ. ತಂಡ ನಾಳೆ ಲಿಂಕ್ ಬದಲಿಸುತ್ತಾ. ಪ್ರೊಟೊಟೈಪ್ ಅಂದರೇ ಬದಲಿಸೋಕೆ ಮಾಡಿದ್ದು. ಇಷ್ಟೆಲ್ಲ ಗೊತ್ತಿಲ್ಲದೆ "ಫ್ಲಾಪ್ ಆಗುತ್ತೆ" ಅಂತ ಹೇಗೆ ಬರೀತೀರಿ? ಯಾವ ಕಾಲಮ್ಮಿನಿಂದ ತಂದ್ರಿ ಆ ಮೊತ್ತ?

ಭಾಗ 7/8

ಸರಿ, ಭಾನುವಾರದ ಫೋಟೊ.

ಅದು ಹೊಸ ಬೈಕೇ ಅಲ್ಲ. ನಿಮ್ಮಲ್ಲಿ ಕೆಲವರು ಹುಟ್ಟುವ ಮೊದಲಿನದು. ಹೋಂಡಾ ಆರ್‌ಎನ್01. ಹೌದು, ಸ್ಕೂಟರಿನ ಅದೇ ಹೋಂಡಾ. 2003ರಲ್ಲಿ ತೋರಿಸಿದರು. ದಕ್ಷಿಣ ಆಫ್ರಿಕಾದ ಗ್ರೆಗ್ ಮಿನ್ನಾರ್ ಇದರ ಮೇಲೆ ಕೂತು 2005ರ ಡೌನ್‌ಹಿಲ್ ವರ್ಲ್ಡ್ ಕಪ್‌ನ ಒಟ್ಟು ಪ್ರಶಸ್ತಿ ಗೆದ್ದರು. 2007ರ ಕೊನೆಗೆ ಹೋಂಡಾ ತಂಡವನ್ನೇ ನಿಲ್ಲಿಸಿತು. ಬೈಕು ಅಂಗಡಿಗೆ ಬರಲೇ ಇಲ್ಲ. ಕೊನೆಯವರೆಗೂ ಪ್ರೊಟೊಟೈಪ್ ಆಗಿಯೇ ಉಳಿಯಿತು.

"ಫ್ಲಾಪ್ ಆಗುತ್ತೆ ಬರೆದಿಟ್ಕೊ" ಅಂದವನೇ, ಬರೆದಿಟ್ಟುಕೊಂಡಿದ್ದೀನಿ. ರೇಸಿನಲ್ಲಿ ಗೆದ್ದಿತು, ಮಾರುಕಟ್ಟೆಗೆ ಬರಲಿಲ್ಲ. ನೀನು ಹೇಳಿದ್ದು ಯಾವ ಫ್ಲಾಪು?

ಪೆಟ್ಟಿಗೆಯಲ್ಲಿ ಏನಿತ್ತು? ಮೋಟರ್ ಅಲ್ಲ. ಮೋಟರ್ ಸೈಕಲ್ ಕಂಪನಿ ಅಂದಮೇಲೆ ಏನೋ ಅದ್ಭುತವಾದ ಗೇರ್ ಬಾಕ್ಸ್ ಇರಬೇಕು ಅಂತ ಆಗಿನ ದೊಡ್ಡ ದೊಡ್ಡವರೂ ಅಂದುಕೊಂಡಿದ್ದರು. ಪೇಟೆಂಟ್ ಕಾಗದ ನೋಡಿದಾಗ ಗೊತ್ತಾಗಿದ್ದು: ಒಳಗಿರೋದು ಹಲ್ಲಿನ ಚಕ್ರಗಳ ಕ್ಯಾಸೆಟ್ಟು, ಚೈನು, ಅದನ್ನು ಸರಿಸುವ ಡಿರೇಲರ್. ನಮ್ಮ ಗೇರ್ ಸೈಕಲ್ಲಿನ ಹಿಂದೆ ಇರುವ ಜಾತಿಯ ಸಾಮಾನೇ, ಪೆಟ್ಟಿಗೆಯೊಳಗೆ.

ನಗಬೇಡಿ. ಅದನ್ನು ಹಿಂದಿನ ಚಕ್ರದಿಂದ ತೆಗೆದು ಫ್ರೇಮಿನ ನಡುವೆ ಇಟ್ಟದ್ದೇ ಬುದ್ಧಿವಂತಿಕೆ. ಚಕ್ರದ ಜೊತೆ ಮೇಲೆ ಕೆಳಗೆ ಕುಣಿಯುವ ತೂಕ ಕಡಿಮೆ ಆದಷ್ಟೂ ಚಕ್ರ ನೆಲದ ಉಬ್ಬುತಗ್ಗನ್ನು ಬೇಗ ಹಿಂಬಾಲಿಸುತ್ತೆ. ಕೈಯಲ್ಲಿ ತೆಂಗಿನಕಾಯಿ ಹಿಡಿದು ಬೇಗ ಬೇಗ ಕೈ ಆಡಿಸಿ ನೋಡಿ, ಆಮೇಲೆ ನಿಂಬೆಹಣ್ಣು ಹಿಡಿದು ಆಡಿಸಿ. ವ್ಯತ್ಯಾಸ ಅದೇ. ಜೊತೆಗೆ ಕಲ್ಲಿಗೆ ಬಡಿದು ಡಿರೇಲರ್ ಮುರಿಯುವ ಭಯವೂ ಹೋಯಿತು. ಹಿಂದಿನ ಸಸ್ಪೆನ್ಶನ್‌ಗೆ ಆದ ಲಾಭ ಅದು. ಉತ್ತರ ಪೆಟ್ಟಿಗೆಯೊಳಗೆ ಇರಲಿಲ್ಲ, ಹಿಂದಿನ ಚಕ್ರದ ಹತ್ತಿರ ಖಾಲಿ ಬಿಟ್ಟ ಜಾಗದಲ್ಲಿತ್ತು. ಆ ಖಾಲಿ ಜಾಗ ನಿಮ್ಮೆಲ್ಲರ ಫೋನಿನಲ್ಲೂ ಕಾಣ್ತಿತ್ತು.

"ಯಾಕಂದ್ರೆ" ಬರೆದ ಇಬ್ಬರಲ್ಲಿ ಒಬ್ಬಳು ನಮ್ಮ ಜೂನಿಯರ್. "ಹಿಂದೆ ಗೇರ್ ಇಲ್ಲ, ಯಾಕಂದ್ರೆ ಅಲ್ಲಿ ಭಾರ ಬೇಡ ಅನ್ನಿಸಿರಬೇಕು. ಪೆಟ್ಟಿಗೆಯಲ್ಲಿ ಏನಿದೆ ಗೊತ್ತಾಗ್ತಿಲ್ಲ" ಅಂತ ಬರೆದಿದ್ದಳು. ಗೊತ್ತಾಗ್ತಿಲ್ಲ ಅಂತ ಬರೆದವಳೇ 61 ಜನರಲ್ಲಿ ಸತ್ಯದ ಹತ್ತಿರ ಹೋದದ್ದು.

ಭಾಗ 8/8

"ಸುಮ್ನೆ ಮಜಾಕ್ಕೆ ಹೇಳೋದಲ್ವಾ, ಯಾಕಿಷ್ಟು ಸೀರಿಯಸ್?" ಅಂತೀರಿ. ಕ್ರಿಕೆಟ್ ಟಾಸ್ ಊಹಿಸಿದ ಹಾಗೆ ಇದು, ಬಿಡು ಅಂತೀರಿ.

ಮಜಾ ನನಗೂ ಇಷ್ಟ. ಆ ಬೈಕುಗಳನ್ನು ನಾವ್ಯಾರೂ ಸದ್ಯಕ್ಕೆ ಕೊಳ್ಳಲ್ಲ, ಅವುಗಳ ಬೆಲೆಗೆ ನಮ್ಮ ಮೂರು ವರ್ಷದ ಫೀಸು ಕಟ್ಟಿ ಬಾಕಿ ಉಳಿಯುತ್ತೆ. ಅದಕ್ಕೇ ಹೇಳ್ತಿರೋದು: ನಮಗೆ ಸಿಕ್ಕಿರೋದು ಫೋಟೊ ಮಾತ್ರ. ಅದನ್ನು ಸರಿಯಾಗಿ ಓದಿದರೆ ದುಡ್ಡಿಲ್ಲದೆ ಕಲಿಯುವ ವಿದ್ಯೆ ಅದು. ಹಾರ್ಸ್ಟ್ ಲಿಂಕ್ ಯಾವುದು ಅಂತ ನಾನು ಯಾವ ಲ್ಯಾಬಿನಲ್ಲೂ ಕಲಿಯಲಿಲ್ಲ, ಊಹೆ ತಪ್ಪಾಗಿ ಆಗಿಯೇ ಕಲಿತೆ. ಕಾರಣ ಬರೆಯದಿದ್ದರೆ ಎಲ್ಲಿ ತಪ್ಪಿದೆ ಅಂತಲೂ ಗೊತ್ತಾಗಲ್ಲ. ಕಲಿಯೋದು ಹೋಯಿತು, ಉಳಿದದ್ದು ಲೈಕು.

ಮತ್ತೆ, ನಿಮ್ಮ ಮಜಾ ನಿಮ್ಮ ಫೋನಿನಲ್ಲೇ ನಿಲ್ಲಲ್ಲ. "ಸೇಮ್ ಸಸ್ಪೆನ್ಶನ್" ಅನ್ನೋ ಎರಡು ಪದ ಒಬ್ಬನ ಒಂದು ಸೀಸನ್ನಿನ ಕೂಲಿ ತಿಂದಿತು. ರೀಲ್ ಮಾಡಿದವರು ಯಾರೋ ಗೊತ್ತಿಲ್ಲ. ಹಂಚಿದ್ದು ನಾನು.

ಅವನ ಸೈಕಲ್ ಈಗ ಹೇಗಿದೆ ಅಂತ ಕೇಳುವವರಿಗೆ: ಸೈಕಲ್ ಶಾಪಿನ ಅಣ್ಣನೂ ನಾವಿಬ್ಬರೂ ಸೇರಿ ಒಂದು ಭಾನುವಾರ ಕೂತು ಕೀಲಿನ ಅಳತೆ ತಗೊಂಡ್ವಿ. ಲೇತ್ ಅಂಗಡಿಯಲ್ಲಿ ಹಿತ್ತಾಳೆ ಬುಷ್ ಮಾಡಿಸಿದ್ವಿ. ಖರ್ಚು ಅರ್ಧ ನಾನು ಹಾಕಿದೆ, ಅವನು ಬೇಡ ಅಂದರೂ. ಚಕ್ರ ಈಗ ಆಡಲ್ಲ. ಏರಿನಲ್ಲಿ ಉಯ್ಯಾಲೆ ಇನ್ನೂ ಇದೆ, ಎಣ್ಣೆ ಇಲ್ಲದ ಶಾಕಿಗೆ ಹಿತ್ತಾಳೆಯಲ್ಲಿ ಔಷಧ ಇಲ್ಲ.

ಇವತ್ತಿಂದ ಈ ಪೇಜಿನಲ್ಲಿ ನಿಯಮ: ಪ್ರತಿ ಪ್ರೊಟೊಟೈಪ್ ಪೋಸ್ಟಿನ ಕೆಳಗೆ ನನ್ನ ಊಹೆ, ಕಾರಣ, ಏನು ಕಂಡರೆ ಸೋಲೊಪ್ಪುತ್ತೀನಿ ಅನ್ನೋದು, ಮೂರೂ ಇರುತ್ತವೆ. ಬೈಕು ಬಿಡುಗಡೆ ಆದ ದಿನ ತಿದ್ದುಪಡಿ ಹಾಕ್ತೀನಿ. ಹಳೇ ಆ ರೀಲ್ ಬಗ್ಗೆ ನನ್ನ ತಿದ್ದುಪಡಿ ಈ ಎಂಟು ಭಾಗ.

ನೀವೂ ಬನ್ನಿ, ಊಹಿಸಿ, ಜಗಳ ಆಡಿ. "ಯಾಕಂದ್ರೆ" ಬರೆಯೋದು ಮರೀಬೇಡಿ.

#ಊಹೆಗೂಲೆಕ್ಕಬೇಕು #ಕನ್ನಡದಲ್ಲಿಸೈಕಲ್ #ಬಿಕಾಂಸಸ್ಪೆನ್ಶನ್